ಎತ್ತಿಕೊಳ್ಳಲಾಗದ ವರ್ಷ

ಮಗಳು ಹುಟ್ಟಿದ ಮೇಲೆ ನನ್ನ ನರಗಳ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಮತ್ತೆ ಮರುಕಳಿಸಿತು. ಕೈಗಳು ಮರಗಟ್ಟಿದವು. ಬೀಳಿಸಿಬಿಟ್ಟೇನೆಂಬ ಭಯಕ್ಕೆ ಅವಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಸಾಗರ ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ನನ್ನ ಜೊತೆ ಅತ್ತೆಯೇ ಅವಳನ್ನು ಸೊಂಟದ ಮೇಲಿಟ್ಟುಕೊಂಡು ಬರುತ್ತಿದ್ದರು.

"ನನ್ನಿಂದ ಇವಳಿಗೆ ಏನಾದ್ರೂ ತೊಂದ್ರೆ ಆಗಿದ್ಯಾ ಡಾಕ್ಟ್ರೇ?"

"ಏನೂ ಇಲ್ಲಮ್ಮ. ತೂಕ ಸರಿ ಇದೆ. ಕೂರೋದು, ತೆವಳೋದು ಎಲ್ಲ ವಯಸ್ಸಿಗೆ ತಕ್ಕ ಹಾಗಿದೆ."

ಸಮಾಧಾನವಾಯಿತು, ಆದರೆ ಅವಳನ್ನು ಎತ್ತಿಕೊಳ್ಳುವ ಆಸೆ ತೀರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಅವಳನ್ನು ಜಗಲಿಯಲ್ಲಿ ನಿಲ್ಲಿಸಿ, "ಅಮ್ಮನ ಹತ್ರ ಹೋಗು ಪುಟ್ಟಿ" ಎಂದರು. ಅವಳು ತಡವರಿಸುತ್ತ ನಡೆದು ಬಂದು, ತಾನೇ ನನ್ನ ಮಡಿಲು ಹತ್ತಿದಳು.

ಈಗ ಕೈಗೆ ಬಲ ಬಂದಿದೆ, ಅವಳು ಶಾಲೆಗೆ ಹೋಗುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ತಾಯಂದಿರ ಹೆಗಲ ಮೇಲೆ ನಿದ್ದೆಹೋದ ಕೂಸುಗಳನ್ನು ಕಂಡರೆ ಇಂದಿಗೂ ನಿಂತು ನೋಡುತ್ತೇನೆ.