ಕೂರಲಾರದ ಚಾಲಕ

ದೂರದೂರಿನ ಬಸ್ಸು ಓಡಿಸುತ್ತಿದ್ದ ಅವನನ್ನು ಡಿಪೋದವರೆಲ್ಲ ಗೇರಣ್ಣ ಎನ್ನುತ್ತಿದ್ದರು. ಒಮ್ಮೆ ಸೀಟಿಗೆ ಅಂಟಿಕೊಂಡರೆ ಊರು ಬರುವವರೆಗೆ ಏಳದ ಆಸಾಮಿ. ಹಾಗೆ ಕೂತು ಕೂತೇ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಅದರ ಚೂರೊಂದು ಶ್ವಾಸಕೋಶಕ್ಕೆ ಹೋಗಿ, ಜೀವ ಬಾಯಿಗೆ ಬಂದು, ಹೇಗೋ ಬದುಕಿಕೊಂಡ. ಈಗ ಊತ ಇಳಿದಿದೆ, ಮಾತ್ರೆ ನಡೆಯುತ್ತಿದೆ. ಮತ್ತೆ ಬಸ್ಸು ಹತ್ತಬೇಕಾದರೆ ಆಸ್ಪತ್ರೆಯವರು ಫಿಟ್ನೆಸ್ ಸರ್ಟಿಫಿಕೇಟು ಕೊಡಬೇಕು. ಅವನ ತಲೆಯಲ್ಲಿ ಅದೊಂದೇ.

ರೋಗಿಗಳ ಬದುಕು ಹೇಗೆ ಸಾಗಿದೆಯೆಂದು ಅಳೆಯಲು ಅಲ್ಲಿ ಪ್ರಶ್ನೆ ಕೇಳುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗೇರಣ್ಣ ಅದನ್ನು ಲೈಸೆನ್ಸ್ ಪರೀಕ್ಷೆ ಎಂದೇ ತಿಳಿದ. ಮನೆಯಲ್ಲಿ ಅಡ್ಡಾಡುತ್ತಲೇ ತಾಲೀಮು ಶುರು. “ಕಾಲು ನೋವಿದೆಯಾ?” ಎಂದು ಮಗಳು ಕೇಳುವುದು, “ಇಲ್ಲವೇ ಇಲ್ಲ” ಎಂದು ಅಪ್ಪ ಹೇಳುವುದು.

“ಮೊದ್ಲು ಒಂದು ಕಡೆ ನಿಂತ್ಕೊಳ್ರೀ, ನೋಡೋರಿಗೆ ತಲೆ ಸುತ್ತುತ್ತೆ” ಎಂದು ಹೆಂಡತಿ ಗದರಿದಳು.

ಆಸ್ಪತ್ರೆಯಲ್ಲಿ ನರ್ಸ್ ಕುರ್ಚಿ ತೋರಿಸಿದಳು. ಗೇರಣ್ಣ ಗೋಡೆಗೊರಗಿದ, ಕಿಟಕಿಗೆ ಹೋದ, ತಿರುಗಿ ಬಂದ. ಮೆಟ್ಟಿಲು ಹತ್ತುವುದು? ಸಲೀಸು. ಕಾಲು ಭಾರ? ಇಲ್ಲ. ನಿದ್ದೆ? ಗಡದ್ದು. ಪಕ್ಕದಲ್ಲಿ ಹೆಂಡತಿ ಬಾಯಿ ಬಿಗಿಹಿಡಿದು ನೆಲ ನೋಡುತ್ತಿದ್ದಳು.

“ಎಲ್ಲಾ ಸರಿ ಹೇಳಿದ್ನಾ ಸಿಸ್ಟರ್? ಪಾಸಾ?”

“ಇದ್ರಲ್ಲಿ ಪಾಸು ಫೇಲು ಇಲ್ಲ ಅಣ್ಣಾ. ಇಷ್ಟು ಚೆನ್ನಾಗಿದ್ರೆ ಕೂತ್ಕೊಳ್ಳಿ ಮತ್ತೆ. ಬಂದಾಗಿಂದ ನೋಡ್ತಿದೀನಿ.”

ಕೂತನೋ ಇಲ್ಲವೋ, ಮೈಯೆಲ್ಲ ಬೆವರಿತು. ಕೈ ತಾನಾಗಿಯೇ ಮೀನಖಂಡ ಹಿಸುಕತೊಡಗಿತು. ಎದ್ದೇಬಿಟ್ಟ.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. “ಕಾಲು ಚೆನ್ನಾಗೇ ಇದೆ ಸಿಸ್ಟರ್. ಆದ್ರೆ ಇವ್ರು ಊಟಕ್ಕೂ ಕೂರಲ್ಲ, ತಟ್ಟೆ ಹಿಡ್ಕೊಂಡು ಮನೆಯೆಲ್ಲಾ ಸುತ್ತುತ್ತಾರೆ. ಮಗಳು ಓದೋಕೆ ಕೂತ್ರೂ ಎಬ್ಬಿಸ್ತಾರೆ.”

“ಸುಮ್ನಿರೇ, ಸರ್ಟಿಫಿಕೇಟು ಸಿಗಲ್ಲ!” ಎಂದ ಗೇರಣ್ಣ. ದನಿಯಲ್ಲಿ ಸಿಟ್ಟಿಗಿಂತ ಗೋಗರೆತವೇ ಹೆಚ್ಚಿತ್ತು.

“ಇದನ್ನ ಮುಚ್ಚಿಟ್ಟು ಬಸ್ಸಲ್ಲಿ ಹೇಗೆ ಕೂರ್ತೀರ? ಹಿಂದೆ ಅಷ್ಟು ಜನ ಇರ್ತಾರೆ” ಎಂದಳು ನರ್ಸ್. “ಭಯಕ್ಕೂ ಚಿಕಿತ್ಸೆ ಇದೆ ಅಣ್ಣಾ. ಮೊದಲಿಂದ ಕೇಳ್ತೀನಿ, ನಿಜ ಹೇಳಿ.”

ಗೇರಣ್ಣನಿಗೆ ನಾಚಿಕೆಯಾಯಿತು, ಅಳುವೂ ಬಂತು. ಅರ್ಧ ಆಯುಷ್ಯ ಸೀಟಿನ ಮೇಲೆ ಕಳೆದವನು ಒಂದು ಕುರ್ಚಿಗೆ ಹೆದರುವುದೇ? ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಕೂತ.

“ಮತ್ತೆ ಹೆಪ್ಪುಗಟ್ಟುತ್ತೆ ಅಂತ ಎಷ್ಟು ಸಲ ಭಯ ಆಗಿದೆ?”

“ಈಗ್ಲೂ ಆಗ್ತಿದೆ” ಎಂದ. “ಬರ್ಕೊಳ್ಳಿ ಸಿಸ್ಟರ್. ಬಸ್ಸು ಹೋದ್ರೆ ಹೋಗ್ಲಿ.”