ಬೇರೆಯವರ ಕೈಯ ತುತ್ತು

ಲಂಡನ್ನಿನಲ್ಲಿ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಅರಮನೆ, ಸೇತುವೆ, ಮಣ್ಣು ಮಸಿ ಯಾವುದೂ ನನಗೆ ನೆನಪಿಲ್ಲ. ನೆನಪಿರುವುದು ಒಂದು ತಂತಿಬಲೆಯ ಬಾಗಿಲು, ಅದರ ಹಿಂದೆ ನಮ್ಮ ನಾಯಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಆರ್.ಟಿ. ನಗರದ ನಮ್ಮ ಮನೆಯ ಎರಡೂ ಪಕ್ಕ ಖಾಲಿ ಸೈಟು. ಕಳ್ಳರ ಕಾಟ ಬೇರೆ. ಹಿಂದಿನ ಬೀದಿಯ ಮನೆಯೊಂದರ ಕಾಂಪೌಂಡಿನೊಳಗೆ ವಿಷ ಹಾಕಿದ ಮಾಂಸ ಎಸೆದು, ನಾಯಿ ಸತ್ತ ಮೇಲೆ ಬೀಗ ಮುರಿದಿದ್ದರು. ಅವತ್ತೇ ತೀರ್ಮಾನಿಸಿದೆ, ನಮ್ಮವನು ಬೇರೆಯವರು ಕೊಟ್ಟಿದ್ದನ್ನು ಮೂಸಲೂ ಕೂಡದು. ಕೆಂಪಾಪುರದಿಂದ ಹಾಲು ತರುತ್ತಿದ್ದ ಹೆಂಗಸಿನ ಕೈಗೆ ಬನ್ನು ಕೊಟ್ಟು ಅವನ ಮುಂದೆ ಹಿಡಿಸುತ್ತಿದ್ದೆ. ಬಾಯಿ ಹಾಕಿದರೆ ಮಡಿಸಿದ ಪೇಪರಿನಿಂದ ಮೂತಿಗೊಂದು ಏಟು. ಮುಖ ತಿರುಗಿಸಿದರೆ ಶಹಬ್ಬಾಸ್. ತಟ್ಟೆಯನ್ನು ನಾನು ಮುಟ್ಟಿ "ತಿನ್ನು" ಅಂದರೆ ಮಾತ್ರ ಊಟ.

"ಅಸಿದಿರೋ ಜೀವ ಕಣಮ್ಮೋ, ಇಂಗೆ ಒಡೀಬ್ಯಾಡಿ," ಅನ್ನುತ್ತಿದ್ದಳು ಹಾಲಿನವಳು.

"ನೀನು ಸುಮ್ನೆ ಹಿಡ್ಕೊಳೇ," ಎಂದು ನಾನು ಗದರುತ್ತಿದ್ದೆ.

ತಿಂಗಳೊಳಗೆ ಕಲಿತುಬಿಟ್ಟ. ಮನೆಗೆ ಬಂದವರೆಲ್ಲ ಬಿಸ್ಕತ್ತು ಹಿಡಿದು ಪರೀಕ್ಷೆ ಮಾಡುವರು. ಅವನು ಮುಖ ತಿರುಗಿಸಿ, ಬಾಲ ಅಲ್ಲಾಡಿಸುತ್ತ ನನ್ನನ್ನೇ ನೋಡುವನು. ನನಗೋ ಎಲ್ಲಿಲ್ಲದ ಜಂಬ. ಮಕ್ಕಳಿಲ್ಲದ ನನಗೆ ಜಂಬಪಡಲು ಬೇರೇನಿತ್ತು?

ಎರಡು ವರ್ಷದ ಮೇಲೆ ನನ್ನ ಗಂಡನಿಗೆ ಲಂಡನ್ನಿಗೆ ವರ್ಗವಾಯಿತು. "ನಮ್ಮನೇಲಿ ಬುಟ್ಟೋಗಿ, ದನಗಳ ಜೊತೆ ಇರ್ತದೆ," ಅಂದಳು ಹಾಲಿನವಳು. ನಾನೆಲ್ಲಿ ಕೇಳುತ್ತೇನೆ! ಹುಚ್ಚುನಾಯಿ ರೋಗದ ಭಯಕ್ಕೆ ಅಲ್ಲಿ ಹೊರದೇಶದ ನಾಯಿಯನ್ನು ಆರು ತಿಂಗಳು ಬೇರೆ ಕಡೆ ಕೂಡಿಹಾಕುತ್ತಾರೆಂದು ಗೊತ್ತಿತ್ತು. "ಆರು ತಿಂಗಳು ತಾನೇ ರೀ," ಎಂದು ಗಂಡನ ಬಾಯಿ ಮುಚ್ಚಿಸಿದೆ. ಅರ್ಜಿಯಲ್ಲಿ ನಾಯಿಯ ಅಭ್ಯಾಸಗಳೇನು ಎಂದು ಒಂದು ಸಾಲಿತ್ತು. "ಹೇಳಿದ ಮಾತು ಕೇಳ್ತಾನೆ ಅಂತ ಬರೀರಿ," ಅಂದೆ. ಅವರು ಹಾಗೇ ಬರೆದರು. ಊಟದ ವಿಷಯ ಇಬ್ಬರಿಗೂ ಹೊಳೆಯಲಿಲ್ಲ. ದಿನವೂ ನಾನೇ ಹಾಕುತ್ತಿದ್ದೆ, ದಿನವೂ ತಿನ್ನುತ್ತಿದ್ದ. ಅದನ್ನು ಯಾರು ಅಭ್ಯಾಸ ಅಂದುಕೊಳ್ಳುತ್ತಾರೆ?

ಲಂಡನ್ನಿನಲ್ಲಿ ಇಳಿದ ದಿನವೇ ಅವನನ್ನು ಕೂಡಿಹಾಕುವ ಜಾಗಕ್ಕೆ ಒಯ್ದರು. ನಾಯಿ ಜಾಗಕ್ಕೆ ಹೊಂದಿಕೊಳ್ಳಲಿ ಎಂದು ಮೊದಲ ವಾರ ನಮ್ಮನ್ನು ಒಳಗೆ ಬಿಡಲಿಲ್ಲ. ಎಂಟನೆಯ ದಿನ ಫೋನು ಬಂತು, ನೀರು ಬಿಟ್ಟರೆ ಏನನ್ನೂ ಮುಟ್ಟಿಲ್ಲವೆಂದು. ರೈಲು, ಬಸ್ಸು ಹಿಡಿದು ಊರಾಚೆಯ ಆ ಜಾಗಕ್ಕೆ ಓಡಿದೆವು. ತಟ್ಟೆ ಮುಟ್ಟಿ "ತಿನ್ನು ಮರಿ" ಅಂದೆ. ಗಡಗಡ ನಡುಗುತ್ತ ಅಷ್ಟನ್ನೂ ತಿಂದ.

ವಾರಕ್ಕೆ ಎರಡೇ ದಿನ ಒಳಗೆ ಬಿಡುವುದು. ಕೈಮುಗಿದು ಬೇಡಿದರೂ ನಿಯಮ ನಿಯಮವೇ. ಅವನನ್ನು ನೋಡಿಕೊಳ್ಳುವ ಹೆಂಗಸು ತುಂಬಾ ಒಳ್ಳೆಯವಳು. ಅವಳ ಕೈಯಿಂದ ತಿನ್ನುವುದನ್ನು ಕಲಿಸೋಣವೆಂದು ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಮಾತನ್ನೂ ಹೇಳಿಕೊಟ್ಟೆ. ಪಾಪ, ಅವಳು ನೆಲದ ಮೇಲೆ ಕೂತು "ಟಿನ್ನೂ, ಟಿನ್ನೂ" ಅಂದಳು. ಅವನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಟ್ಟೆ ನೋಡಿದ, ನನ್ನನ್ನು ನೋಡಿದ. ಆಮೇಲೆ ಮುಖ ತಿರುಗಿಸಿ ಬಾಲ ಅಲ್ಲಾಡಿಸಿದ. ನಾನು ಶಹಬ್ಬಾಸ್ ಅನ್ನಲಿ ಎಂದು ಕಾಯುತ್ತಿದ್ದ, ದರಿದ್ರದವನು.

ಆಮೇಲೂ ಎಷ್ಟೋ ಸಲ ಪ್ರಯತ್ನಿಸಿದೆವು. ಡಾಕ್ಟರು ಗ್ಲೂಕೋಸ್ ಏರಿಸಿದರು. ಚಳಿಗಾಲ, ಮೈಯಲ್ಲಿ ಶಕ್ತಿಯಿರಲಿಲ್ಲ. ಐದನೆಯ ವಾರ ಕೆಮ್ಮು ಬಂದು ಎರಡೇ ದಿನದಲ್ಲಿ ಹೋದ. ಅದು ನಮ್ಮನ್ನು ಬಿಡುವ ದಿನವಾಗಿರಲಿಲ್ಲ.

ಊರಿಗೆ ಮರಳಿದ ಮಾರನೆಯ ಬೆಳಿಗ್ಗೆಯೇ ಹಾಲಿನವಳು ಬಂದಳು. "ಎಲ್ಲಮ್ಮೋ ನಮ್ ನಾಯಿ?"

"ಹೋಯ್ತು ಕಣೇ."

"ಅಯ್ಯೋ! ಏನಾಗಿತ್ತಮ್ಮಾ?"

"ಏನೂ ಆಗಿರ್ಲಿಲ್ಲ. ಯಾರು ಕೊಟ್ರೂ ತಿನ್ಲಿಲ್ಲ. ನಾನು ಕಲಿಸಿದ್ದನ್ನ ಕೊನೇವರೆಗೂ ಮರೀಲಿಲ್ಲ."

ಅವಳು ಹಾಲಿನ ಕ್ಯಾನು ಕೆಳಗಿಟ್ಟು, ಬನ್ನು ಹಿಡಿಯುತ್ತಿದ್ದ ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು.