ಗಾಳಿಗೆ ಬಡಿಯುವ ವಕೀಲರು

ಗೋಕಾಕದ ನಮ್ಮ ಬಾಜೂಮನಿ ವಕೀಲರು ಧೋತರದ ಕಚ್ಚೆ ಬಿಗಿದು ಟೆನಿಸ್ ಆಡುತ್ತಿದ್ದರು. ಸರ್ವ್ ಮಾಡುವಾಗ ಬ್ಯಾಟನ್ನು ಕೊಡಲಿಯಂತೆ ಬಿಗಿಹಿಡಿದು ಹೊಡೆಯುತ್ತಿದ್ದರು. ಚೆಂಡು ಬಲೆಗೆ ಬೀಳುತ್ತಿತ್ತು, ಕ್ಲಬ್ಬಿನ ಬಿಳಿ ಸಾಹೇಬ ನಗುತ್ತಿದ್ದ. ಒಂದು ಬ್ಯಾಸಗಿ ಅವರು ಹುಕ್ಕೇರಿ ಕಡೆಯ ತಮ್ಮ ಹೊಲಕ್ಕೆ ಹೋಗಿ, ಅಪ್ಪ ಎತ್ತು ಹೊಡೆಯುತ್ತಿದ್ದ ಬಾರಕೋಲನ್ನು ಗಾಳಿಯಲ್ಲಿ ಬೀಸಿ ಬೀಸಿ, ಮಣಿಕಟ್ಟು ಸಡಿಲ ಮಾಡಿಕೊಂಡು ಬಂದರು.

"ಎತ್ತಿಗೆ ಬಡಿಯೂದಲ್ಲ, ಗಾಳಿಗೆ ಬಡಿಯೂದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಮತ್ತೆ ಆಡಿದ ಮೊದಲ ಸಂಜೆಯೇ ಅವರ ಸರ್ವ್ ಬಾರಕೋಲಿನ ಹಾಗೆ ಚಟಾರನೆ ಸಿಡಿಯಿತು. ಚೆಂಡು ಪಕ್ಕದಲ್ಲೇ ಹಾದುಹೋದರೂ ಸಾಹೇಬನ ಬ್ಯಾಟು ಅಲುಗಲಿಲ್ಲ. ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಆಟ ಮುಗಿದ ಮೇಲೆ ಸಾಹೇಬನೇ ಬಲೆ ದಾಟಿ ಬಂದು, ಹೇಗೆಂದು ತೋರಿಸಲು ಕೇಳಿದ. ವಕೀಲರು ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಅಲುಗಿಸಿದರು.

"ಎತ್ತಿಗೆ ಬಡಿಬ್ಯಾಡ್ರಿ, ಸಾಹೇಬ್ರ."

ಸಾಹೇಬ ಮುಷ್ಟಿ ಸಡಿಲ ಬಿಟ್ಟ.